ಅವ್ವನನ್ನು ವೈನಿ ಎಂದವರು

ಮೊನ್ನೆ ಬೆಳಗಾವಿಯ ಹೊರವಲಯದ ಮಚ್ಛೆಯ ನಮ್ಮ ಕಾರ್ಖಾನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದಾಗ ಮೇಜಿನ ಮೇಲಿದ್ದ ನನ್ನ ಫೋನು ಗುಂಯ್‌ಗುಡತೊಡಗಿತು. ನನ್ನ ಒಂದು ಕೈ ಪಲ್ಯದಲ್ಲಿತ್ತು, ಇನ್ನೊಂದು ಕೈಯಲ್ಲಿ ಉಳ್ಳಾಗಡ್ಡಿ. ಎದುರಿಗೆ ಕುಳಿತಿದ್ದ ಎಂಜಿನಿಯರರು ಫೋನು ಎತ್ತಿ, ವೈನಿ ಅಂತ ಬರೆದಿದೆ ಎಂದು ಹೇಳಿ ನನ್ನ ಕಿವಿಗೆ ಹಿಡಿದರು. ಆ ಕಡೆಯಿಂದ ಎಂದಿನ ಧ್ವನಿ. ಬರುವಾಗ ಕರಿಬೇವು ತರಬೇಕು, ಹೋದ ಸಲ ತಂದದ್ದರಲ್ಲಿ ಎಲೆಗಿಂತ ಕಡ್ಡಿಯೇ ಹೆಚ್ಚಿತ್ತು, ಈ ವಯಸ್ಸಿನಲ್ಲಾದರೂ ನೋಡಿ ತರುವುದನ್ನು ಕಲಿಯಬೇಕು. ನಾನು ಹೂಂ ಹೂಂ ಎಂದೆ.

ಈ ಎಂಜಿನಿಯರರು ಮೈಸೂರು ಕಡೆಯವರು. ನಮ್ಮಲ್ಲಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ನಮ್ಮ ಮಾತನ್ನು ಶ್ರದ್ಧೆಯಿಂದ ಕಲಿಯುತ್ತಿದ್ದಾರೆ. ವೈನಿ ಎಂದರೆ ಅತ್ತಿಗೆ ಎನ್ನುವವರೆಗೆ ಬಂದಿದ್ದಾರೆ. ನಿಮ್ಮ ಅತ್ತಿಗೆ ಸ್ವಲ್ಪ ಜೋರು ಅನ್ನಿಸುತ್ತದೆ ಎಂದರು. ಅತ್ತಿಗೆಯಲ್ಲ, ನನ್ನನ್ನು ಹೆತ್ತ ತಾಯಿ ಎಂದೆ. ಅವರ ತುತ್ತು ಅರ್ಧ ದಾರಿಯಲ್ಲಿ ನಿಂತಿತು. ಹಾಗಾದರೆ ತಂದೆಯವರನ್ನು ಏನೆಂದು ಕರೆಯುತ್ತೀರಿ ಎಂದು ಮೆಲ್ಲಗೆ ಕೇಳಿದರು. ಅಣ್ಣಾ ಅಂತ, ಎಂದೆ. ಊಟ ಮುಗಿಯುವವರೆಗೂ ಅವರು ನನ್ನನ್ನು ಆಗಾಗ ಕದ್ದು ನೋಡುತ್ತಿದ್ದರು.

ನಮ್ಮ ಕಡೆಯವರಿಗೆ ಇದರಲ್ಲಿ ಅಂಥ ವಿಚಿತ್ರವೇನೂ ಕಾಣುವುದಿಲ್ಲ. ತುಂಬಿದ ಮನೆಗಳಲ್ಲಿ ಮಗು ತನ್ನ ಸುತ್ತ ಕೇಳಿಬರುವ ಹೆಸರನ್ನೇ ಹಿಡಿದುಕೊಳ್ಳುತ್ತದೆ. ಅಪ್ಪನ ತಮ್ಮಂದಿರು ಅಪ್ಪನನ್ನು ಅಣ್ಣಾ ಎನ್ನುತ್ತಾರೆ, ಮಗುವೂ ಅಣ್ಣಾ ಎನ್ನುತ್ತದೆ. ಅವರು ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತಾರೆ, ಮಗುವೂ ವೈನಿ ಎನ್ನುತ್ತದೆ. ಮುಂದೆ ಅದಕ್ಕೆ ಮೀಸೆ ಬಂದರೂ, ಆ ಮೀಸೆ ಬೆಳ್ಳಗಾದರೂ ಬಾಯಿಗೆ ಬೇರೆ ಹೆಸರು ಬರುವುದಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಅಪ್ಪನೂ ಇರಲಿಲ್ಲ, ಅವ್ವನೂ ಇರಲಿಲ್ಲ. ಆದರೂ ನಾನು ಮತ್ತು ನನ್ನ ತಂಗಿ ಹುಟ್ಟಿ ಬೆಳೆದೆವು.

ಇದರಿಂದ ನನಗೊಂದು ಲಾಭವೂ ಆಗಿದೆ. ಒಂದನೇ ಇಯತ್ತೆಯಲ್ಲಿ ಬಾಯಿಯವರು, ಅಂದರೆ ನಮ್ಮ ಟೀಚರು, ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಎಲ್ಲರನ್ನೂ ಕೇಳುತ್ತ ಬಂದರು. ನಾನು ಅಣ್ಣಾ, ವೈನಿ, ಕಾಕಾ, ತಂಗಿ ಎಂದೆ. ಅವ್ವ ಎಂದರು. ಇಲ್ಲ ಎಂದೆ. ಅಪ್ಪ? ಅದೂ ಇಲ್ಲ. ಬಾಯಿಯವರ ಕಣ್ಣು ತುಂಬಿ ಬಂದವು. ಅಂದಿನಿಂದ ನನಗೆ ಮುಂದಿನ ಸಾಲಿನಲ್ಲಿ ಜಾಗ, ಆಗೊಮ್ಮೆ ಈಗೊಮ್ಮೆ ಅವರ ಡಬ್ಬಿಯ ಅವಲಕ್ಕಿ. ಒಂದು ದಿನ ವೈನಿ ನನ್ನನ್ನು ಕರೆದೊಯ್ಯಲು ಶಾಲೆಗೆ ಬಂದಳು. ತಂದೆತಾಯಿಯಿಲ್ಲದ ಮೈದುನನನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೀರಿ, ನಿಮ್ಮಂಥವರು ಅಪರೂಪ ಎಂದು ಬಾಯಿಯವರು ಅವಳ ಕೈ ಹಿಡಿದು ಹೇಳಿದರು. ವೈನಿ ನನ್ನ ಮುಖ ನೋಡಿದಳು, ಅವಲಕ್ಕಿ ಮೆತ್ತಿದ ನನ್ನ ತುಟಿ ನೋಡಿದಳು. ಎಲ್ಲ ನಿಮ್ಮಂಥವರ ಆಶೀರ್ವಾದ ಎಂದು ಗಂಭೀರವಾಗಿ ಹೇಳಿ ನನ್ನನ್ನು ಎಳೆದುಕೊಂಡು ಬಂದಳು. ಓಣಿಯ ತಿರುವು ದಾಟಿದ ಮೇಲೆ ಗೋಡೆಗೆ ಆತು ನಿಂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಬಾಯಿಯವರ ತಪ್ಪನ್ನು ಮಾತ್ರ ಅವಳು ಎಂದೂ ತಿದ್ದಲಿಲ್ಲ. ಆ ಅವಲಕ್ಕಿ ಚೆನ್ನಾಗಿರುತ್ತದೆಂದು ನಾನು ಹೇಳಿದ್ದೆ.

ಆ ಮನೆಯ ನಿಜವಾದ ಮೈದುನ ಬಸು ಕಾಕಾ. ನನ್ನ ತಂದೆಯ ಕೊನೆಯ ತಮ್ಮ. ನಮ್ಮ ತಂದೆ ಮನೆಗೆ ಹಿರಿಯ ಮಗ, ಕಾಕಾ ಎಲ್ಲರಿಗಿಂತ ಕಿರಿಯ. ಅವನು ಇನ್ನೂ ನೆಟ್ಟಗೆ ನಡೆಯಲು ಕಲಿಯುವ ಮೊದಲೇ ಅವನ ತಾಯಿ ತೀರಿಕೊಂಡಿದ್ದಳು, ತಂದೆಯೂ ಹೆಚ್ಚು ದಿನ ಉಳಿಯಲಿಲ್ಲ. ವೈನಿ ದೇಸೂರಿನಿಂದ ಮದುವೆಯಾಗಿ ಬೆಳಗಾವಿಗೆ ಬಂದ ದಿನ ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಕಾಲಿಟ್ಟಾಗ, ಚೆಲ್ಲಿದ ಅಕ್ಕಿಯ ಮೇಲೆ ಬಂದು ಕುಳಿತು ಅವನು ಅಕ್ಕಿ ತಿನ್ನತೊಡಗಿದ್ದನಂತೆ. ಹೊಸ ಮದುಮಗಳು ಮಾಡಿದ ಮೊದಲ ಕೆಲಸ ಅವನ ಬಾಯಿಗೆ ಬೆರಳು ಹಾಕಿ ಅಕ್ಕಿ ತೆಗೆದದ್ದು. ನನಗೂ ಅವನಿಗೂ ವಯಸ್ಸಿನಲ್ಲಿ ಅಂಥ ಅಂತರವಿಲ್ಲ. ಒಂದೇ ತಾಟಿನಲ್ಲಿ ಉಂಡು, ಒಂದೇ ಕೌದಿಯಲ್ಲಿ ಮಲಗಿ ಬೆಳೆದವರು. ಅವನು ವೈನಿ ಎಂದ, ನಾನೂ ವೈನಿ ಎಂದೆ. ಹಾಗೆಂದೇ ನಾನು ಬಹಳ ವರ್ಷ ತಿಳಿದುಕೊಂಡಿದ್ದೆ.

ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟುಗಳ ನಡುವೆ ಬಿಡುವು ಹೆಚ್ಚು. ಆ ಬಿಡುವಿನಲ್ಲಿ ನನಗೆ ಪದಗಳ ಮೂಲ ಹುಡುಕುವ ಚಟ ಅಂಟಿಕೊಂಡಿತು. ಮರಾಠಿಯ ವಹಿನಿ ನಮ್ಮ ಬಾಯಿಗೆ ಬರುವಷ್ಟರಲ್ಲಿ ಹಕಾರ ಕಳೆದುಕೊಂಡು ವೈನಿಯಾಯಿತು. ನಮ್ಮ ಅತ್ತೆಯೂ ಅವರ ಆತ್ಯಾಳೂ ಒಂದೇ ಮನೆಯವರಿರಬೇಕು. ಅಣ್ಣತಮ್ಮಂದಿರ ಹೆಂಡಿರು ಒಬ್ಬರಿಗೊಬ್ಬರು ಓರಗಿತ್ತಿಯರು. ಓರಗೆಯವರು, ಸಮಾನರು ಎಂಬ ಅರ್ಥ ಆ ಮಾತಿನ ಹೊಟ್ಟೆಯಲ್ಲೇ ಇದೆ, ಅಡಿಗೆಮನೆಯಲ್ಲಿ ಏನೇ ನಡೆಯಲಿ. ನಮ್ಮ ಕಡೆ ಆಕೆಯನ್ನು ನೆಗೆಣ್ಣಿ ಎನ್ನುತ್ತೇವೆ. ಕನ್ನಡದ ಮೈದುನ, ಮರಾಠಿಯ ಮೇಹುಣಾ ಎರಡೂ ಒಂದೇ ಸಂಸ್ಕೃತ ಪದದಿಂದ ಇಳಿದು ಬಂದವು ಎಂದು ನಿಘಂಟಿನಲ್ಲಿ ಓದಿ ಹಿಗ್ಗಿ, ಒಮ್ಮೆ ಮನೆಯವರೆಲ್ಲ ಸೇರಿದಾಗ ಹೇಳಲು ಎದ್ದು ನಿಂತೆ. ಆ ಮೂಲ ಪದ ನಾಲಿಗೆಯ ತುದಿಗೆ ಬಂದಾಗ ಎದುರಿಗೆ ಗಂಗತ್ತೆ ಕುಳಿತಿರುವುದು ಕಂಡಿತು. ಮೈಥುನ ಎಂಬ ಶಬ್ದವನ್ನು ಆಕೆಯ ಮುಂದೆ ಉಚ್ಚರಿಸುವ ಧೈರ್ಯವಾಗದೆ, ಚಹಾ ಯಾರಿಗೆ ಬೇಕು ಎಂದು ಕೇಳಿ ಕುಳಿತುಬಿಟ್ಟೆ.

ಗಂಗತ್ತೆ ನನ್ನ ತಂದೆಯ ಅಕ್ಕ. ಬೈಲಹೊಂಗಲಕ್ಕೆ ಕೊಟ್ಟಿದ್ದರು. ಸಂಬಂಧಗಳ ವಿಷಯದಲ್ಲಿ ಆಕೆಯ ಮಾತಿಗೆ ಎದುರಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಹೆಂಗಸಿನ ತವರೂರು ಕೇಳಿ, ಇಳಿಯುವಷ್ಟರಲ್ಲಿ ಆಕೆ ತನಗೆ ಚಿಗವ್ವನಾಗಬೇಕೋ ಸೊಸೆಯಾಗಬೇಕೋ ಎಂದು ತೀರ್ಮಾನಿಸಿ ಅದಕ್ಕೆ ತಕ್ಕಂತೆ ನಮಸ್ಕಾರವನ್ನೋ ಆಶೀರ್ವಾದವನ್ನೋ ಮಾಡಿ ಇಳಿಯುತ್ತಿದ್ದಳು. ಯಾರಾದರೂ ತಪ್ಪು ಹೆಸರಿನಿಂದ ಕರೆದರೆ ಆಕೆಗೆ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು. ನಮ್ಮ ವೈನಿಯನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಆಕೆಯೊಬ್ಬಳೇ. ವೈನಿಗೆ ಕಸ್ತೂರಿ ಎಂಬ ಹೆಸರಿದೆಯೆಂದು ನಮಗೆ ನೆನಪಾಗುತ್ತಿದ್ದದ್ದು ಗಂಗತ್ತೆ ಬಂದಾಗಲೇ. ಇಬ್ಬರೂ ಒಂದೇ ಅಡಿಗೆಮನೆಯಲ್ಲಿ ನಿಂತರೆ, ಸಾರಿಗೆ ಹುಳಿ ಎಷ್ಟು ಎಂಬುದರಿಂದ ಹಿಡಿದು ಮಕ್ಕಳ ನೆತ್ತಿಗೆ ಎಣ್ಣೆ ಎಷ್ಟು ಎಂಬವರೆಗೆ ಭಿನ್ನಾಭಿಪ್ರಾಯ. ವೈನಿ ವಾದ ಮಾಡುತ್ತಿರಲಿಲ್ಲ. ಹೌದ್ರಿ ಗಂಗಕ್ಕಾ ಎಂದು ಹೇಳಿ ತನಗೆ ಬೇಕಾದಷ್ಟೇ ಹುಳಿ ಹಾಕುತ್ತಿದ್ದಳು.

ಬಸು ಕಾಕಾ ಮಾಸ್ತರನಾಗಿ ಖಾನಾಪುರದ ಕನ್ನಡ ಶಾಲೆಗೆ ಹೋಗತೊಡಗಿದ. ಅದೇ ಆವರಣದಲ್ಲಿ ಮರಾಠಿ ಶಾಲೆಯೂ ಇತ್ತು. ಈ ಕಡೆ ಮಕ್ಕಳು ಕನ್ನಡದಲ್ಲಿ ಮಗ್ಗಿ ಹೇಳಿದರೆ ಆ ಕಡೆಯವರು ಮರಾಠಿಯಲ್ಲಿ ಪಾಢೆ ಹೇಳುವರು. ಆಟದ ಬಯಲು ಮಾತ್ರ ಒಂದೇ. ಅಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಿದ್ದ ರೂಪಾ ಎಂಬ ಹುಡುಗಿಯ ಜೊತೆ ಇವನಿಗೆ ಸ್ನೇಹವಾಗಿ, ಅದು ಮದುವೆಯ ಮಾತಾಗಿ ನಮ್ಮ ಮನೆಗೆ ಬಂತು. ಭಾಷೆ ಬೇರೆ, ಜಾತಿಯೂ ಬೇರೆ. ಅಣ್ಣಾ ಎರಡು ದಿನ ಪೇಪರಿನ ಹಿಂದಿನಿಂದ ಹೊರಗೆ ಬರಲಿಲ್ಲ. ವೈನಿ ಮಾತ್ರ ಮರುದಿನವೇ ರೈಲು ಹತ್ತಿ ಖಾನಾಪುರಕ್ಕೆ ಹೋಗಿ ಹುಡುಗಿಯನ್ನು ನೋಡಿ ಬಂದಳು. ತಾಯಿಯಿಲ್ಲದ ಹುಡುಗಿ, ಅಪ್ಪ ಹಂಚಿನ ಭಟ್ಟಿಯಲ್ಲಿ ದುಡಿದು ಸಾಕಿದ್ದಾನೆ, ಮನೆ ಚೊಕ್ಕಟವಿದೆ, ಹುಡುಗಿ ಮುಖ ಎತ್ತಿ ಮಾತಾಡುತ್ತಾಳೆ ಎಂದು ಹೇಳಿದಳು. ಅಷ್ಟರಲ್ಲಿ ಮದುವೆ ಗಟ್ಟಿಯಾಯಿತೆಂದು ಎಲ್ಲರಿಗೂ ಅರ್ಥವಾಯಿತು.

ಮದುವೆಯಾದ ಮರುದಿನ ಬೆಳಿಗ್ಗೆ ನಡೆದದ್ದು ನನಗೆ ಚೆನ್ನಾಗಿ ನೆನಪಿದೆ. ವೈನಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ರೂಪಾ ಅಡಿಗೆಮನೆಯ ಬಾಗಿಲಲ್ಲಿ ನಿಂತು, ‘ಆಯೀ, ನಾ ಏನು ಮಾಡಲಿ?’ ಎಂದಳು. ರೊಟ್ಟಿಯ ಸಪ್ಪಳ ನಿಂತಿತು. ವೈನಿ ಹಿಂದಕ್ಕೆ ಹೊರಳಿ, ಅಲ್ಲಿ ಇನ್ನಾರಾದರೂ ನಿಂತಿದ್ದಾರೇನೋ ಎಂದು ನೋಡಿದಳು.

ಮರಾಠಿಯಲ್ಲಿ ಆಯಿ ಎಂದರೆ ತಾಯಿ. ನಮ್ಮ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ. ದೇಸೂರಿನಲ್ಲಿದ್ದ ವೈನಿಯ ತಾಯಿಯನ್ನು ನಾವು ಕರೆಯುತ್ತಿದ್ದದ್ದು ಆಯಿ ಎಂದೇ. ವೈನಿಗೆ ಎರಡೂ ಗೊತ್ತು. ಬೆಳಗಾವಿಯ ಓಣಿಯಲ್ಲಿ ಬದುಕಿದವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ನನ್ನ ತಂಗಿ ಮಾತ್ರ ಬಿದ್ದು ಬಿದ್ದು ನಕ್ಕು, ವೈನಿಗೆ ಇಷ್ಟು ಬೇಗ ಮುಪ್ಪು ಬಂತು ಎಂದಳು. ವೈನಿಯೂ ನಕ್ಕು, ತಲೆಯಲ್ಲಿ ಬೆಳ್ಳಿ ಕೂದಲು ಅಷ್ಟಾಗಿವೆಯೇನು ನೋಡು ಎಂದು ತಂಗಿಯ ಮುಂದೆ ತಲೆ ಬಾಗಿಸಿದಳು. ಆದರೆ ಆ ವಾರವೆಲ್ಲ ರೂಪಾ ಆಯೀ ಎಂದಾಗಲೆಲ್ಲ ಅವಳು ಒಂದು ಕ್ಷಣ ತಡೆದು ಓ ಎನ್ನುತ್ತಿದ್ದಳು. ತನ್ನದೇ ಹೆಸರೆಂದು ನಂಬಿಕೆ ಬರಲು ಅಷ್ಟು ಹೊತ್ತು ಬೇಕಾಗುತ್ತಿತ್ತು.

ಆ ಹೆಸರು ಎಲ್ಲಿಂದ ಬಂತೆಂದು ಆಮೇಲೆ ತಿಳಿಯಿತು. ಖಾನಾಪುರದ ಆಟದ ಬಯಲಿನಲ್ಲಿ ನಿಂತು ಕಾಕಾ ರೂಪಾಳಿಗೆ ತನ್ನ ಮನೆಯವರ ಬಗ್ಗೆ ಹೇಳುತ್ತ, ನಮ್ಮಲ್ಲಿ ವೈನಿ ಅಂದರೆ ಅವ್ವ ಅಂತ ತಿಳಿ ಎಂದಿದ್ದನಂತೆ. ಮಕ್ಕಳಿಗೆ ಪಾಠ ಹೇಳುವ ಹುಡುಗಿ. ಅವ್ವ ಎಂದರೆ ಆಯಿ ಎಂದು ಅನುವಾದ ಮಾಡಿಕೊಂಡು, ಅದನ್ನೇ ಗಟ್ಟಿಮಾಡಿಕೊಂಡು ಬಂದಿದ್ದಳು.

ಸುದ್ದಿ ಬೈಲಹೊಂಗಲಕ್ಕೆ ಮುಟ್ಟದೆ ಇರಲಿಲ್ಲ. ಆದರೆ ಗಂಗತ್ತೆ ಕೂಡಲೇ ಏನೂ ಹೇಳಲಿಲ್ಲ. ರೂಪಾ ಬಸಿರಾಗಿ ಏಳನೇ ತಿಂಗಳ ಕುಬಸ, ಅಂದರೆ ಸೀಮಂತ, ಮಾಡಿದ ದಿನ ಆ ಮಾತು ಬಂತು.

ಕುಬಸದ ಊಟ ಮುಗಿದು, ಹಸಿರು ಸೀರೆಯುಟ್ಟ ರೂಪಾ ಬಾಗಿಲ ಬಳಿ ಕುಳಿತಿದ್ದಳು. ಅವಳ ಅಪ್ಪ ಮಾರುತಿರಾಯರು ಮಗಳನ್ನು ಕರೆದೊಯ್ಯಲು ಖಾನಾಪುರದಿಂದ ಬಂದಿದ್ದರು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು, ಅದು ರೀತಿ. ಆದರೆ ಆ ತವರಿನಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ. ರೂಪಾಳ ತಾಯಿಯ ತಂಗಿ, ಅವರ ಮಾವಶಿ, ಇರುವುದು ಕಣಕುಂಬಿಯಲ್ಲಿ. ದಿನ ತುಂಬುವುದು ಸರಿಯಾಗಿ ಮಳೆಗಾಲದಲ್ಲಿ. ಆಗ ಆ ಕಾಡಿನ ದಾರಿಯಲ್ಲಿ ದವಾಖಾನೆಗೆ ಬರುವುದು ಹೇಗೆ? ಯಾರಾದರೂ ಹೆಂಗಸನ್ನು ಗೊತ್ತು ಮಾಡಿ ಖಾನಾಪುರದಲ್ಲೇ ಬಾಣಂತನ ಮಾಡಿಸುತ್ತೇನೆ ಎಂದರು ಮಾರುತಿರಾಯರು. ಅವರ ಟೊಪ್ಪಿಗೆ ಕೈಯಲ್ಲಿತ್ತು, ಕಣ್ಣು ನೆಲದ ಮೇಲಿದ್ದವು. ಹಾಗೇಕೆ, ಇಲ್ಲೇ ಇರಲಿ, ನಾನೇ ಮಾಡುತ್ತೇನೆ ಎಂದಳು ವೈನಿ.

ಗಂಗತ್ತೆ ಎಲೆ ಅಡಿಕೆಯ ತಟ್ಟೆ ಕೆಳಗಿಟ್ಟಳು. ‘ನೀ ಅಕೀ ನೆಗೆಣ್ಣಿ, ಕಸ್ತೂರಿ. ಗಂಡನ ಮನ್ಯಾಗ ಮೊದಲ್ನೇ ಬಾಣಂತನಾ ಆದ್ರ ಮಂದಿ ನಿನಗೇನೂ ಅನ್ನೂದಿಲ್ಲ. ಹುಡುಗಿ ಅಪ್ಪಗ ಅಂತಾರ.’

ಅದು ನಿಜವಾಗಿತ್ತು. ಮಾರುತಿರಾಯರು ಕನ್ನಡ ಚೆನ್ನಾಗಿ ಬರದಿದ್ದರೂ ಅಷ್ಟನ್ನು ಅರ್ಥ ಮಾಡಿಕೊಂಡರು. ಟೊಪ್ಪಿಗೆಯನ್ನು ಮಡಚಿದರು, ಬಿಚ್ಚಿದರು. ಅಣ್ಣಾ ಪೇಪರು ಹುಡುಕತೊಡಗಿದರು. ಆಗ ರೂಪಾ ತಲೆ ಎತ್ತದೆ, ತನ್ನ ಹೊಸ ಕನ್ನಡದಲ್ಲಿ, ‘ನಾನು ಆಯಿ ಹತ್ರ ಇರತೀನಿ’ ಎಂದಳು.

ಗಂಗತ್ತೆಗೆ ಅದುವರೆಗೆ ತಡೆದುಕೊಂಡದ್ದು ಇನ್ನು ಆಗಲಿಲ್ಲ. ಇದೇನು ನೆಗೆಣ್ಣಿಗೆ ಆಯಿ ಎನ್ನುವುದು, ಬಸು ನಿನಗೆ ಮಗನಿದ್ದ ಹಾಗೆ, ಇವಳು ಮಗಳಾದರೆ ಅಣ್ಣತಂಗಿಯರಿಗೆ ಮದುವೆ ಮಾಡಿದ ಹಾಗಾಯಿತಲ್ಲ ಎಂದಳು. ಮೂಲೆಯಲ್ಲಿದ್ದ ಬಸು ಕಾಕಾ ಎದ್ದು ಹೊರಗೆ ಹೋಗಲು ನೋಡಿದ. ವೈನಿ ಅವನನ್ನು ಕಣ್ಣಿನಲ್ಲೇ ಕೂರಿಸಿದಳು. ಇವಳು ಮಗಳಾದರೆ ಅವನು ಅಳಿಯನಾಗಲಿ ಗಂಗಕ್ಕಾ, ಅದಕ್ಕೇನಂತೆ ಎಂದಳು. ಮುಂದಿನ ಮಾತು ಅವಳಿಗೆ ಆಗಲೇ ಹೊಳೆದಿರಬೇಕು.

‘ಅಕಿ ನನಗ ಆಯಿ ಅಂತಾಳೋ ಇಲ್ಲೋ? ಅಂದಮ್ಯಾಲೆ ನನ್ನ ತವರಮನಿ ಅಕೀಗೆ ಅಜ್ಜನ ಮನಿ ಆತು. ಹುಡುಗಿ ಹಡಿಯಾಕ ಅಜ್ಜನ ಮನಿಗೆ ಹೋದ್ರ ಯಾರೇನ ಅಂತಾರ? ದೇಸೂರಿಗೆ ಹೋಗ್ಲಿ.’

ದೇಸೂರು ಬೆಳಗಾವಿಗೂ ಖಾನಾಪುರಕ್ಕೂ ನಡುವೆ, ರೈಲಿನ ದಾರಿಯಲ್ಲೇ ಇದೆ. ಗಂಡನ ಮನೆಯೂ ಅಲ್ಲ, ಹುಡುಗಿಯ ಅಪ್ಪ ಕೈಚೆಲ್ಲಿದ ಹಾಗೂ ಅಲ್ಲ. ವೈನಿ ಮಾರುತಿರಾಯರ ಕಡೆ ತಿರುಗಿ ಕುಳಿತಳು.

‘ಅಪ್ಪ ಮಗಳ್ನ ಕರಿಯಾಕ ಬಂದೀರಿ. ಅಕಿ ನಿಮ್ಮ ಕೂಡನ ಈ ಮನಿ ಹೊಸ್ತಿಲಾ ದಾಟಬೇಕು. ನೀವ ಕರಕೊಂಡ ಹೋಗಿ ದೇಸೂರಾಗ ಬಿಡ್ರಿ. ನಾ ಹಿಂದಿಂದ ಬರತೀನಿ.’

ಮಾರುತಿರಾಯರು ಟೊಪ್ಪಿಗೆಯನ್ನು ತಲೆಯ ಮೇಲೆ ಇಟ್ಟುಕೊಂಡರು. ನೀವು ಹೇಳಿದ ಹಾಗೆ ಆಗಲಿ ತಾಯಿ, ಎಂದು ಮರಾಠಿಯಲ್ಲಿ ಹೇಳಿದರು. ಅವರ ಭಾಷೆಯಲ್ಲಿ ತಾಯಿ ಎಂದರೆ ಅಕ್ಕ. ವೈನಿಗಿಂತ ಬಹಳ ದೊಡ್ಡವರಾದ, ಬಿಳಿ ಮೀಸೆಯ ಆ ಮನುಷ್ಯ ಅವಳನ್ನು ತನಗೆ ಅಕ್ಕನನ್ನಾಗಿ ಮಾಡಿಕೊಂಡಿದ್ದರು.

ಆ ಸಂಜೆ ಗಂಗತ್ತೆಯನ್ನು ನಾನೇ ಸ್ಕೂಟರಿನ ಮೇಲೆ ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ಸಿಟ್ಟಾಗಿದ್ದಾಳೆಂದು ನಾನು, ಆಕೆಯನ್ನು ಸಮಾಧಾನ ಮಾಡಲೆಂದು, ಈ ಕರೆಯುವ ಹೆಸರುಗಳೆಲ್ಲ ಒಂದು ಅನುಕರಣೆ, ನಾನು ಬಸು ಕಾಕಾನನ್ನು ನೋಡಿ ವೈನಿ ಎಂದು ಕಲಿತ ಹಾಗೆ ಎಂದು ನನ್ನ ಪಾಂಡಿತ್ಯ ಬಿಚ್ಚತೊಡಗಿದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಸೆರಗು ಸರಿಮಾಡಿಕೊಳ್ಳುತ್ತ ಗಂಗತ್ತೆ ಹೇಳಿದಳು. ‘ನೀ ನೋಡಿ ಕಲತಿಲ್ಲೋ ಮಲ್ಯಾ. ನೀ ಮೊದಲ ಅವ್ವಾನ ಅಂತಿದ್ದಿ.’

ಅಲ್ಲಿನ ಬೆಂಚಿನ ಮೇಲೆ ಕುಳಿತು ಆಕೆ ಹೇಳಿದ್ದು ಇಷ್ಟು. ನನಗೆ ಆಗಷ್ಟೇ ಮಾತು ಬಂದಿತ್ತು. ನಾನು ಅವ್ವಾ ಎನ್ನುವುದನ್ನು ಕೇಳಿ ಕಾಕಾನೂ ಅವ್ವಾ ಎನ್ನತೊಡಗಿದ. ಒಂದು ದಿನ ಬಂಧುಗಳು ಬಂದಿದ್ದಾಗ ಅವನು ಹಾಗೆ ಕರೆದದ್ದನ್ನು ಗಂಗತ್ತೆ ಕೇಳಿಸಿಕೊಂಡಳು. ಆಕೆ ನಿನಗೆ ಅವ್ವನಲ್ಲ, ವೈನಿ, ಹಾಗೆನ್ನಬೇಕು ಎಂದು ಎಲ್ಲರೆದುರು ತಿದ್ದಿದಳು. ಹುಡುಗ ವಾದ ಮಾಡಲಿಲ್ಲ. ಆದರೆ ಆಮೇಲೆ ಅವನು ವೈನಿಯನ್ನು ಯಾವ ಹೆಸರಿನಿಂದಲೂ ಕರೆಯದಾದ. ಹಸಿವಾದರೆ ಬಂದು ಬಾಗಿಲು ಹಿಡಿದು ನಿಲ್ಲುತ್ತಿದ್ದ, ಅಷ್ಟೇ. ಮಗ್ಗುಲಲ್ಲಿ ನಾನು ಅವ್ವಾ ಅವ್ವಾ ಎಂದು ಬಾಯಿ ತುಂಬ ಕರೆಯುತ್ತಿದ್ದೆ.

ವೈನಿ ಅದನ್ನು ನೋಡಿದಳು. ನನಗೆ ಕಲಿಸತೊಡಗಿದಳು. ನಾನು ಅವ್ವಾ ಎಂದರೆ ಕೇಳಿಸದವಳ ಹಾಗೆ ಅಕ್ಕಿ ಆರಿಸುತ್ತಿದ್ದಳು. ವೈನಿ ಎಂದರೆ ಎತ್ತಿಕೊಳ್ಳುತ್ತಿದ್ದಳು. ಎಳೆಯ ಮಗುವಿಗೆ ಅಷ್ಟು ಸಾಕು. ನಾನು ವೈನಿ ಎನ್ನತೊಡಗಿದ ಮೇಲೆ ಬಸು ಕಾಕಾ ಬಾಗಿಲು ಬಿಟ್ಟು ಒಳಗೆ ಬಂದ. ಅವನೂ ವೈನಿ ಎಂದ.

‘ಹಡದ ಮಗನ ಬಾಯಿಂ‌ದ ಅವ್ವಾ ಅನ್ನಿಸ್ಕೊಳ್ಳೂದು ಬ್ಯಾಡೇನ ನಿನಗ ಅಂತ ಕೇಳಿದೆ’ ಎಂದಳು ಗಂಗತ್ತೆ. ‘ಒಂದ ತಾಟಿನ್ಯಾಗ ಉಣ್ಣಾವ್ರು ಎರಡ ಹೆಸರ್ಲೆ ಯಾಕ ಕರೀಬೇಕ್ರಿ ಅಂದ್ಲು. ಮತ್ತ ಅಕ್ಕಿ ಆರಸ್ಕೋತ ಕುಂತ್ಲು.’

ನನ್ನ ತಂಗಿ ಹುಟ್ಟುವ ಹೊತ್ತಿಗೆ ಮನೆಯಲ್ಲಿ ಬೇರೆ ಹೆಸರೇ ಇರಲಿಲ್ಲ. ನಾನು, ಹಾಗಾದರೆ ನೀನು ಅಂದು ಕಾಕಾನನ್ನು ತಿದ್ದಿದ್ದು ಎಂದು ಏನೋ ತೊದಲಿದೆ. ಗಂಗತ್ತೆ ಖಡಾಖಂಡಿತವಾಗಿ ತಲೆಯಾಡಿಸಿದಳು. ತಾನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ, ವೈನಿಗೆ ವೈನಿ ಎಂದೇ ಅನ್ನಬೇಕು ಎಂದಳು. ಅಷ್ಟರಲ್ಲಿ ಬೈಲಹೊಂಗಲದ ಬಸ್ಸು ಬಂತು. ಕಿಟಕಿಯಲ್ಲಿ ಕುಳಿತ ಮೇಲೆ, ದೇಸೂರಿಗೆ ಒಯ್ಯುವ ಮೊದಲು ಬಾಣಂತಿಯ ಉಂಡೆಗೆ ಅಳವಿ, ಅಂಟು, ಒಣಕೊಬ್ಬರಿ ತಾನು ಕಳಿಸುತ್ತೇನೆ, ಪೇಟೆಯದು ತರಬೇಡಿರೆಂದು ಕಸ್ತೂರಿಗೆ ಹೇಳು ಎಂದಳು.

ಮನೆಗೆ ಬಂದು ವೈನಿಯನ್ನು ಕೇಳಿದೆ. ಅವಳು ಕುಬಸದ ಪಾತ್ರೆಗಳನ್ನು ಒರೆಸಿ ಗೋಡೆಯ ಮಾಡಕ್ಕೆ ಏರಿಸುತ್ತಿದ್ದಳು. ಇದ್ದೀತು, ಯಾರಿಗೆ ನೆನಪಿದೆ ಎಂದಳು. ಗಂಗಕ್ಕನಿಗೆ ಕಿಟಕಿ ಪಕ್ಕ ಜಾಗ ಸಿಕ್ಕಿತೋ ಇಲ್ಲವೋ ಎಂದು ವಿಚಾರಿಸಿದಳು. ಆ ದಿನದಿಂದ ಪದಗಳ ಮೂಲದ ಬಗ್ಗೆ ನನ್ನ ಧೈರ್ಯ ಕಡಿಮೆಯಾಗಿದೆ. ವೈನಿ ಎಂಬುದು ಮರಾಠಿಯಿಂದ ಬಂತು ಎಂದು ಈಗಲೂ ಹೇಳುತ್ತೇನೆ. ಆದರೆ ನಮ್ಮ ಮನೆಗೆ ಅದು ಬಂದ ದಾರಿ ನಿಘಂಟಿನಲ್ಲಿ ಸಿಗುವಂಥದ್ದಲ್ಲ. ಹೆತ್ತ ಮಗ ಬಾಯಿ ತುಂಬ ಕರೆಯುವಾಗ ಕೇಳಿಸದವಳ ಹಾಗೆ ಕುಳಿತಿರಬೇಕಾದರೆ ಅವಳಿಗೆ ಎಷ್ಟು ಗಟ್ಟಿ ಮನಸ್ಸು ಬೇಕಾಗಿರಬೇಕು! ನನಗೆ ಮಕ್ಕಳಾದ ಮೇಲೆ ಅದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ನನ್ನಿಂದ ಒಂದು ಬೆಳಗಿನ ಮಟ್ಟಿಗೂ ಆಗುತ್ತಿರಲಿಲ್ಲ.

ರೂಪಾ ಅಪ್ಪನ ಜೊತೆ ದೇಸೂರಿಗೆ ಹೋದಳು, ವೈನಿ ಹಿಂದಿನಿಂದ ಹೋದಳು. ಅಲ್ಲಿ ವೈನಿಯ ತಾಯಿ, ನಮ್ಮ ಆಯಿ, ಕಿವಿ ಮಂದವಾಗಿದ್ದರೂ ಕಾಲು ಚುರುಕಾಗಿದ್ದ ಮುದುಕಿ. ರೂಪಾಳನ್ನು ಬಾಗಿಲಲ್ಲೇ ನಿಲ್ಲಿಸಿ ರೊಟ್ಟಿ ಚೂರು ನಿವಾಳಿಸಿ ಒಳಗೆ ಕರೆದುಕೊಂಡಳು. ಈ ಹುಡುಗಿ ತನಗೆ ಏನಾಗಬೇಕೆಂದು ಒಮ್ಮೆಯೂ ಕೇಳಲಿಲ್ಲ. ಮಾರುತಿರಾಯರು ವಾರಕ್ಕೊಮ್ಮೆ ರೈಲಿನಲ್ಲಿ ಬರುವರು. ಕೈಯಲ್ಲಿ ಅವರು ನಾಚಣಿ ಎನ್ನುವ ರಾಗಿ ಹಿಟ್ಟಿನ ಗಂಟು, ಕಾಡುಜೇನಿನ ಶೀಸೆ. ಬಂದವರು ಪಡಸಾಲೆಯಲ್ಲಿ ಸುಮ್ಮನೆ ಕುಳಿತು, ಮಗಳು ಉಣ್ಣುವುದನ್ನು ನೋಡಿ, ಹೋಗುವರು.

ನೋವು ಕಾಣಿಸಿಕೊಂಡದ್ದು ಜಿಟಿಜಿಟಿ ಮಳೆಯ ಒಂದು ಮಧ್ಯಾಹ್ನ. ನಾನು ಕಾಕಾನ ಜೊತೆ ಅಲ್ಲೇ ಇದ್ದೆ. ಒಳಗಿನಿಂದ ರೂಪಾ ‘ಆಯೀ’ ಎಂದು ಕೂಗಿದಳು. ಹಿತ್ತಿಲಿನಿಂದ ವೈನಿ ಓಡಿ ಬಂದಳು. ಕಿವಿ ಕೇಳಿಸದ ಆಯಿಗೂ ಅದೊಂದು ಕೂಗು ಹೇಗೋ ಕೇಳಿಸಿ, ಹಾಸಿಗೆಯಿಂದ ಎದ್ದು ಬಂದಳು. ಒಬ್ಬಳು ಮರಾಠಿ ಅರ್ಥದಲ್ಲಿ ಬಂದಳು, ಇನ್ನೊಬ್ಬಳು ಕನ್ನಡದ ಅರ್ಥದಲ್ಲಿ. ತಾಯಿಯಿಲ್ಲದ ಹುಡುಗಿಯ ಎರಡೂ ಕೈಗಳನ್ನು ಇಬ್ಬರು ಹಿಡಿದುಕೊಂಡರು. ಆಟೋ ತಂದು ಬೆಳಗಾವಿಯ ದವಾಖಾನೆಗೆ ಒಯ್ದೆವು. ಕತ್ತಲಾಗುವ ಮೊದಲೇ ಹೆಣ್ಣು ಮಗು ಹುಟ್ಟಿತು.

ಆ ಮಗು ಈಗ ಕಾಲೇಜಿಗೆ ಹೋಗುವ ಹುಡುಗಿ. ವೈನಿಯನ್ನು ಅವಳೂ ಆಯಿ ಎನ್ನುತ್ತಾಳೆ. ತಾಯಿ ಮರಾಠಿಯಲ್ಲಿ ಆಯಿ ಎನ್ನುತ್ತಾಳೆ, ಮಗಳು ಕನ್ನಡದಲ್ಲಿ ಆಯಿ ಎನ್ನುತ್ತಾಳೆ, ಇಬ್ಬರದೂ ಸರಿ. ಇದನ್ನು ಆ ಎಂಜಿನಿಯರರಿಗೂ ಹೇಳಿ ನೋಡಿದೆ. ಅವರು ಮತ್ತೊಮ್ಮೆ ಹೇಳಿ ಎಂದರು. ಮತ್ತೊಮ್ಮೆ ಹೇಳಿದೆ. ಆಮೇಲೆ ಅವರು, ನಮ್ಮ ಮನೆಯಲ್ಲಿ ಎಲ್ಲರಿಗೂ ಆಂಟಿ ಅಂದುಬಿಡ್ತೀವಿ ಎಂದು ನಿಟ್ಟುಸಿರುಬಿಟ್ಟರು.

ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯವೂ ದೇಸೂರಿನಲ್ಲೇ ನಡೆಯಿತು. ಗಂಡಿನ ಕಡೆಯವರಾಗಿ ನಾವೆಲ್ಲ ಬೆಳಗಾವಿಯಿಂದ ಹೋದೆವು. ಮಗುವಿನ ಸೋದರತ್ತೆಯಾಗಿ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಗಂಗತ್ತೆ, ಆಕೆಯೇ ಮುಂದೆ. ದೇಸೂರಿನ ಮನೆಯ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತವಳು ವೈನಿ. ಪಕ್ಕದಲ್ಲಿ ಮಾರುತಿರಾಯರು, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಕುಬಸದ ದಿನ ಅರ್ಧಕ್ಕೆ ನಿಂತ ಮಾತನ್ನು ಗಂಗತ್ತೆ ಎಲ್ಲರೆದುರು ಎತ್ತುತ್ತಾಳೇನೋ ಎಂಬ ಭಯ ನನಗೆ. ರೂಪಾ ಮಗುವನ್ನು ಎದೆಗೆ ಒತ್ತಿಕೊಂಡು ಒಳಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣೂ ಗಂಗತ್ತೆಯ ಮೇಲೆಯೇ ಇದ್ದವು.

ಗಂಗತ್ತೆ ಹೊಸ್ತಿಲ ಮುಂದೆ ನಿಂತು ಮಾರುತಿರಾಯರಿಗೆ ಕೈಮುಗಿದಳು. ಆಮೇಲೆ ವೈನಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತಮ್ಮನ ಹೆಂಡತಿಯನ್ನು ಮದುವೆಯಾದ ದಿನದಿಂದ ಏಕವಚನದಲ್ಲಿ ಕರೆದವಳು, ಅವಳಿಗೂ ಕೈಮುಗಿದು, ‘ಏನ್ರೀ ಬೀಗತಿ, ಆರಾಮ ಅದೀರೇನು?’ ಎಂದಳು.

ಗಂಡಿನ ಕಡೆಯವರ ಬಾಯಲ್ಲಿ ಬೀಗತಿ ಎಂದರೆ ಹುಡುಗಿಯ ತಾಯಿ. ಸಂಬಂಧಗಳ ವಿಷಯದಲ್ಲಿ ಗಂಗತ್ತೆ ಒಮ್ಮೆ ಹೇಳಿದರೆ ಮುಗಿಯಿತು. ಅದನ್ನು ಪ್ರಶ್ನಿಸುವ ಧೈರ್ಯ ನಮ್ಮ ಬಳಗದಲ್ಲಿ ಯಾರಿಗೂ ಇಲ್ಲ. ರೂಪಾ ಮುಖವನ್ನು ಮಗುವಿನ ದುಪ್ಪಟಿಯಲ್ಲಿ ಮುಚ್ಚಿಕೊಂಡಳು. ವೈನಿ ನೀರಿನ ತಂಬಿಗೆಯನ್ನು ಮುಂದಕ್ಕೆ ಚಾಚಿದಳು.

‘ಆರಾಮ ಅದೀನ್ರಿ. ಬರ್ರಿ, ಕುಂದರ್ರಿ. ಮಳ್ಯಾಗ ದಾರಿ ತ್ರಾಸ ಆತೇನ್ರಿ?’

ಅದೇ ಗತ್ತಿನಲ್ಲಿ ಗಂಗತ್ತೆ ಕಾಲು ತೊಳೆದುಕೊಂಡು ಒಳಗೆ ಬಂದು ಚಾಪೆಯ ನಡುವೆ ಕುಳಿತಳು. ಹೆಸರು ಕೂಗಿದ್ದಾಯಿತು, ಪದ್ಧತಿಯಂತೆ ಹೆಂಗಸರು ಆಕೆಯ ಬೆನ್ನಿಗೆ ಗುದ್ದಿದ್ದಾಯಿತು. ಮಾರುತಿರಾಯರು ತೊಟ್ಟಿಲ ಹಗ್ಗ ಹಿಡಿದವರು ಬಿಡಲೇ ಇಲ್ಲ. ಊಟಕ್ಕೆ ಎಲೆ ಹಾಕಿದಾಗ ವೈನಿ ತಾನೇ ಹೋಳಿಗೆ ಬಡಿಸುತ್ತ ಬಂದಳು. ಗಂಗತ್ತೆ ಒಂದು ಚೂರು ಮುರಿದು ಬಾಯಿಗಿಟ್ಟು, ಬೀಗರ ಮನೆಯಲ್ಲಿ ಉಣ್ಣುವವರು ಮಾಡುವಂತೆ ಮುಖವನ್ನು ಸ್ವಲ್ಪ ಸಿಂಡರಿಸಿದಳು.

‘ತುಪ್ಪ ಕಡಿಮಿ ಆತ್ರಿ, ಬೀಗತಿ.’

ವೈನಿ ತುಪ್ಪದ ಗಿಂಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಆಕೆಯ ಎಲೆಯ ಮೇಲೆ ಬಗ್ಗಿಸಿ, ಪೂರ್ತಿ ಸುರಿದುಬಿಟ್ಟಳು.